ಬಂಗಿ ಸೊಪ್ಪಿನ ಸಾಹೇಬ

ಗಾಂಜಾವನ್ನು ಇಡೀ ದೇಶದಲ್ಲಿ ಕಾನೂನುಬದ್ಧ ಮಾಡಬೇಕೋ ಬೇಡವೋ ಅನ್ನುವ ಜಗಳ ಇತ್ತೀಚೆಗೆ ಹುಟ್ಟಿದ್ದು ಅಂತ ತಿಳಿದವರು ನಮ್ಮ ಕಾಲದ ಅಬಕಾರಿ ಜೀಪಿನಲ್ಲಿ ಒಂದು ದಿನ ಕೂತಿರಬೇಕಿತ್ತು. ಅರವತ್ತರ ದಶಕದ ಕೊನೆಯಲ್ಲಿ ನಾನು ಹುಣಸೂರಿಗೆ ಸಬ್ ಇನ್ಸ್‌ಪೆಕ್ಟರಾಗಿ ಬಂದೆ. ಸುತ್ತಲ ನಾಲ್ಕು ತಾಲ್ಲೂಕು ತಿರುಗುವ ಕೆಲಸ. ಯಾವ ಊರಿಗೆ ಹೋದರೂ ಆ ಜಗಳ ನನಗಿಂತ ಮೊದಲೇ ಬಂದು ಜಗಲಿ ಮೇಲೆ ಕೂತಿರುತ್ತಿತ್ತು. ನಗೆಪಾಟಲಾಗುವ ಸಂದರ್ಭಗಳನ್ನು ನಾನಾಗಿ ಹುಡುಕಿಕೊಂಡು ಹೋದವನಲ್ಲ. ಖಾಕಿ ಹಾಕಿಕೊಂಡು ಮನೆಯಿಂದ ಹೊರಟರೆ ಸಾಕಿತ್ತು.

೧. ಮೊದಲ ದಾಳಿ

ನಾನು ಮೈಸೂರು ಪೇಟೆಯಲ್ಲಿ ಬೆಳೆದವನು. ಗಾಂಜಾ ಗಿಡವನ್ನು ತರಬೇತಿಯ ಪುಸ್ತಕದಲ್ಲಿ ಮಾತ್ರ ನೋಡಿದ್ದೆ. ಕೈಬೆರಳು ಬಿಡಿಸಿಟ್ಟ ಹಾಗೆ ಎಲೆ, ಅಂಚಿಗೆಲ್ಲ ಗರಗಸ. ಕೆಲಸಕ್ಕೆ ಸೇರಿದ ಎರಡನೇ ವಾರ ಅಂತರಸಂತೆ ಹತ್ತಿರ ಒಂದು ಮನೆಯ ಹಿತ್ತಲಲ್ಲಿ ಅದೇ ಎಲೆ ಸಾಲಾಗಿ ನಿಂತಿದ್ದು ಕಂಡಿತು. ಜೊತೆಗಿದ್ದ ಗಾರ್ಡು ಜೀಪಿನ ಹತ್ತಿರ ಬೀಡಿ ಹಚ್ಚುತ್ತಿದ್ದ. ಅವನಿಗೆ ಕಾಯದೆ ನಾನೇ ನುಗ್ಗಿ, ಸಾಲು ಪೂರ್ತಿ ಕಿತ್ತು ರಾಶಿ ಹಾಕಿದೆ.

ಒಳಗಿಂದ ಒಬ್ಬ ಅಜ್ಜಿ ಬಂದರು. ಹೆದರಿ ಅಳುತ್ತಾರೆ ಅಂದುಕೊಂಡೆ. ಅವರು ಸೊಂಟದ ಮೇಲೆ ಕೈಯಿಟ್ಟು ಒಮ್ಮೆ ರಾಶಿ ನೋಡಿದರು, ಒಮ್ಮೆ ನನ್ನನ್ನು ನೋಡಿದರು.

"ಯಾಕ್ ಮಗಾ, ಬುಡ ಸಮೇತ ಇಂಗ್ ಕಿತ್ತಾಕ್ದೆ? ಸೊಪ್ಪು ಬೇಕಿದ್ರೆ ಕೇಳ್ಬಾರ್ದಾ?"

"ಅಜ್ಜಿ, ಇದು ಬೆಳೆಯೋದು ಅಪರಾಧ!"

"ಪುಂಡಿ ಸೊಪ್ಪಾ? ಯಾವತ್ತಿಂದ?"

ಅಷ್ಟರಲ್ಲಿ ಗಾರ್ಡು ಬಂದ. ಒಂದು ಎಲೆ ಹರಿದು ಬಾಯಿಗೆ ಹಾಕಿಕೊಂಡು, ಹುಳಿಗೆ ಕಣ್ಣು ಕಿರಿದು ಮಾಡಿ, "ಸಾರ್, ಇದು ಉಪ್ಪು ಖಾರ ಹಾಕಿ ಕುದಿಸೋ ಕೇಸು" ಅಂದ.

ನನ್ನ ಮುಖ ಹೇಗಾಗಿತ್ತೋ, ಅಜ್ಜಿಗೆ ಕರುಳು ಚುರುಕ್ ಅಂದಿರಬೇಕು. "ಕಿತ್ತಿದ್ದಾಯ್ತಲ್ಲ, ಬುಡು. ಬಾ ಒಳೀಕೆ" ಅಂತ ಕೂರಿಸಿ, ಅದೇ ಸೊಪ್ಪಿನ ಸಾರು ಮಾಡಿ, ಮುದ್ದೆ ಹಾಕಿದರು. ಸಾಕು ಸಾಕು ಅಂದರೂ ಬಿಡದೆ ಎರಡನೇ ಮುದ್ದೆ ಇಡುತ್ತಾ ಕಿವಿಯ ಹತ್ತಿರ ಬಂದು ಹೇಳಿದರು:

"ಪೂರಾ ಉಂಡ್ಬುಡು ಮಗಾ. ಸಾಕ್ಷಿ ಉಳೀಬಾರ್ದು."

೨. ಆ ಸೊಪ್ಪು, ಈ ಸೊಪ್ಪು

ಪಿರಿಯಾಪಟ್ಟಣದ ಕಡೆ ಒಂದು ಊರಿನಲ್ಲಿ ಮಾದಕ ವಸ್ತುಗಳ ಕೆಡುಕಿನ ಬಗ್ಗೆ ಭಾಷಣ ಮಾಡಬೇಕಾಗಿ ಬಂತು. ಕೇಳಲು ಬಂದವರೆಲ್ಲ ತಂಬಾಕು ಬೆಳೆಯುವವರು. ನಾನು ಅರ್ಧ ಗಂಟೆ ಮಾತಾಡಿ ಬೆವರು ಒರೆಸಿಕೊಂಡ ಮೇಲೆ ಒಬ್ಬ ಹಿರಿಯರು ಎದ್ದರು.

"ಅಲ್ಲಾ ಸ್ವಾಮಿ, ಒಗೆಸೊಪ್ಪೂ ಸೊಪ್ಪೇ, ಬಂಗಿ ಸೊಪ್ಪೂ ಸೊಪ್ಪೇ. ಅದ್ರಲ್ಲೂ ಒಗೆ ಬತ್ತದೆ, ಇದ್ರಲ್ಲೂ ಒಗೆ ಬತ್ತದೆ. ಅದುನ್ನ ಬೆಳುದ್ರೆ ಬೆನ್ನು ತಟ್ತೀರಿ, ಇದುನ್ನ ಬೆಳುದ್ರೆ ಬೆನ್ಗೆ ಬುಡ್ತೀರಿ. ಯಾಕೆ?"

ಪ್ರಶ್ನೆ ನ್ಯಾಯವಾಗಿತ್ತು. ಆದರೂ ಬಿಡದೆ, "ಗಾಂಜಾ ಸೇದಿದವನಿಗೆ ತಾನು ಏನು ಮಾತಾಡ್ತೀನಿ ಅನ್ನೋದೇ ತಿಳಿಯಲ್ಲ. ಇವತ್ತು ಹೇಳಿದ್ದು ನಾಳೆ ನೆನಪಿರಲ್ಲ" ಅಂದೆ.

ಹಿರಿಯರು ಗಂಭೀರವಾಗಿ ತಲೆಯಾಡಿಸಿದರು. "ಓ, ಅಂಗಾ! ಎಲೆಕ್ಷನ್ ಟೇಮಲ್ಲಿ ನಮ್ಮೂರ್ಗೆ ಬರೋರು ಏನ್ ಸೇದ್ಕಂಡ್ ಬತ್ತಾರೆ ಅಂತ ಇವತ್ ಗೊತ್ತಾಯ್ತು ಬುಡಿ."

೩. ತೂಕ

ಇದರಲ್ಲಿ ನನ್ನ ಕೆಲಸವೇ ಹೋಗುವುದಿತ್ತು. ಕೆ.ಆರ್. ನಗರದ ಕಡೆ ಒಂದು ಕಬ್ಬಿನ ಗದ್ದೆಯ ನಡುವೆ ಬೆಳೆದಿದ್ದ ಗಾಂಜಾ ಹಿಡಿದೆವು. ಈ ಸಲ ಗಾರ್ಡು ಮೊದಲೇ ನೋಡಿ, ಮೂಸಿ, ಹೌದು ಅಂದಿದ್ದ. ಹುಣಸೂರಿಗೆ ತಂದು, ಒಬ್ಬ ತಂಬಾಕು ವ್ಯಾಪಾರಿ ಸಾಹೇಬರ ತಕ್ಕಡಿಯಲ್ಲಿ ತೂಗಿಸಿದೆ. ಹತ್ತು ಕಿಲೋ. ಅವರೇ ಸಾಕ್ಷಿ ಅಂತ ಸಹಿ ಹಾಕಿದರು.

ಆರು ತಿಂಗಳಾದ ಮೇಲೆ ವಿಚಾರಣೆಗೆ ಬಂತು. ಕೋರ್ಟಿನಲ್ಲಿ ಮೂಟೆ ತೂಗಿದರೆ ಎರಡು ಕಿಲೋ! ಮೊಹರು ಒಡೆದಿರಲಿಲ್ಲ. ಆದರೂ ಎದುರು ವಕೀಲರು ನನ್ನ ಕಣ್ಣನ್ನೇ ಹತ್ತಿರದಿಂದ ನೋಡಿ, "ಕೆಂಪಗಿದೆಯಲ್ಲ ಸ್ವಾಮಿ" ಅಂದರು. ಕೋರ್ಟು ಗೊಳ್ಳೆಂದು ನಕ್ಕಿತು. ಹಿಂದಿನ ದಿನ ನನ್ನ ಹೆಂಡತಿ ಮೊದಲ ಹೆರಿಗೆಗೆ ತೌರಿಗೆ ಹೋಗಿದ್ದಳು. ನನ್ನ ಕಣ್ಣು ಕೆಂಪಾಗಿದ್ದು ಅದಕ್ಕೆ. ಅದನ್ನು ಅಲ್ಲಿ ಹೇಳುವುದು ಹೇಗೆ? ಕೂಸು ಹುಟ್ಟುವ ಮೊದಲೇ ಅಪ್ಪ ಸಸ್ಪೆಂಡು ಅಂತ ಕಾಗದ ಬರೆಯಬೇಕಾಗುತ್ತದಲ್ಲ ಅಂದುಕೊಂಡೆ.

ಆಗ ವ್ಯಾಪಾರಿ ಸಾಹೇಬರು ಸಾಕ್ಷಿ ಕಟ್ಟೆ ಹತ್ತಿದರು. "ಹುಜೂರ್, ಅವತ್ತು ನಾನು ತೂಗಿದ್ದು ಹಸಿ ಸೊಪ್ಪು. ಇದು ಒಣಗಿದ ಸೊಪ್ಪು. ಮೂವತ್ತು ವರ್ಷದಿಂದ ತಂಬಾಕು ತೂಗ್ತಾ ಇದೀನಿ, ಅದೂ ಹಿಂಗೇ. ಈ ಸಾಹೇಬ್ರು ಪಾಪ, ಬೀಡೀನೂ ಸೇದಲ್ಲ."

"ಹಾಗಾದರೆ ಎಂಟು ಕಿಲೋ ಯಾರು ಸೇದಿದ್ದು?" ಅಂದರು ಮ್ಯಾಜಿಸ್ಟ್ರೇಟರು, ನಗು ತಡೆದುಕೊಂಡು.

ಸಾಹೇಬರು ಕಿಟಕಿಯಾಚೆ ಆಕಾಶದ ಕಡೆ ಕೈ ತೋರಿಸಿದರು. "ಬಿಸ್ಲು ಸೇದಿದೆ ಹುಜೂರ್. ಬೇಕಾದ್ರೆ ಆ ಸೂರ್ಯನ ಮೇಲೆ ವಾರಂಟು ಕಳಿಸಿ."

೪. ಹೆಂಗಸರ ಅಭಿಪ್ರಾಯ

ದೇಶಕ್ಕೆಲ್ಲ ಒಂದೇ ಕಾನೂನು ಮಾಡಿದರೆ ಹೇಗೆ, ಗಾಂಜಾವನ್ನು ಪೂರ್ತಿ ನಿಲ್ಲಿಸುವುದೋ ಸರ್ಕಾರವೇ ಅಂಗಡಿ ಇಟ್ಟು ಮಾರುವುದೋ, ಜನರನ್ನು ಕೇಳಿ ಬರೆದು ಕಳಿಸಿ ಅಂತ ಮೇಲಿಂದ ಒಂದು ಕಾಗದ ಬಂತು. ಹೊಸ ಅಗ್ರಹಾರದಲ್ಲಿ ಸಭೆ ಸೇರಿಸಿದೆ. ಪಂಡಿತರು ಅದು ಔಷಧಿ ಅಂದರು. ಮೇಷ್ಟ್ರು ಅದು ವಿಷ ಅಂದರು. ಇಬ್ಬರೂ ಎದ್ದು ನಿಂತು ಶಲ್ಯ ಕೊಡವಿದರು.

ಹಿಂದಿನಿಂದ ಒಬ್ಬ ಹೆಂಗಸು, "ನಂದೊಂದ್ ಮಾತು ಬುದ್ಧಿ" ಅಂದಳು. ಮುಂದಿನ ಸಾಲಿನಲ್ಲಿ ಅವಳ ಗಂಡ ತಲೆ ತಗ್ಗಿಸಿದ. ಅವನ ಚಟ ಊರಿಗೇ ಗೊತ್ತಿತ್ತು.

"ಸರ್ಕಾರದೋರೆ ಮಾರ್ಲಿ ಬುದ್ಧಿ. ಆದ್ರೆ ಸೊಸೈಟೀಲೇ ಮಾರ್ಬೇಕು, ರೇಸನ್ ಕಾರ್ಡ್‌ಗೆ."

"ಯಾಕಮ್ಮ?"

"ಸೀಮೆಣ್ಣೆ ತರ ಆಯ್ತದೆ. ಇವತ್ ಬಂದಿಲ್ಲ, ನಾಳೀಕ್ ಬಾ. ನಾಳೆ ಓದ್ರೆ, ಬೀಗದೋನು ಬಂದಿಲ್ಲ, ನಾಡಿದ್ ಬಾ. ಎಲ್ಡ್ ತಿಂಗ್ಳು ಅಂಗ್ ಅಲ್ದಾಡುದ್ರೆ ನಮ್ಮನೇವ್ರು ತಾನಾಗೇ ಬುಟ್ಬುಡ್ತಾರೆ. ಒಳ್ಳೆ ಮನ್ಸ ಬುದ್ಧಿ, ಸೇದ್ದೆ ಇದ್ರೆ."

ಎಲ್ಲರಿಗಿಂತ ಜೋರಾಗಿ ನಕ್ಕವನು ಅವಳ ಗಂಡ. ನಗುತ್ತಲೇ ಕಣ್ಣೊರೆಸಿಕೊಂಡ.

ವರದಿಯಲ್ಲಿ ನಾನು "ಹೆಂಗಸರು: ಸರ್ಕಾರಿ ಅಂಗಡಿಯ ಪರ" ಅಂತ ಬರೆದೆ. ಕಾರಣ ಬರೆಯಲು ಕಾಲಂ ಇರಲಿಲ್ಲ.

೫. ಕೋರ್ಟು ಏಳುವ ತನಕ

ಕಾಕನಕೋಟೆ ಕಾಡಂಚಿನ ಒಂದು ಹಾಡಿಯಲ್ಲಿ ಯಾರೋ ಗಾಂಜಾ ಬೆಳೆದಿದ್ದಾರೆ ಅಂತ ಬರವಣಿಗೆಯಲ್ಲಿ ದೂರು ಬಂತು. ಹೋಗಿ ನೋಡಿದರೆ ಒಂದು ಗುಡಿಸಲ ಹಿಂದೆ ಒಂದೇ ಒಂದು ಗಿಡ.

"ನಂದೇ ಬುದ್ಧಿ" ಅಂತ ಒಬ್ಬ ತಾತ ಮುಂದೆ ಬಂದ. "ನಮ್ ಮುದ್ಕೀಗೆ ಮಂಡಿ ನೋವು. ನಿದ್ದೆ ಬರಾಕಿಲ್ಲ. ಸೊಪ್ಪು ಬಿಸಿ ಮಾಡಿ ಕಟ್ತೀನಿ."

ಬಾಗಿಲಲ್ಲಿ ಮುದುಕಿ ಕಂಬ ಹಿಡಿದು ನಿಂತಿದ್ದಳು. ನೋಡದವನಂತೆ ಹೋಗಲು ಕಾಗದ ಬಿಡಲಿಲ್ಲ, ಕೀಳಲು ಕೈ ಬರಲಿಲ್ಲ. ತಡವರಿಸುತ್ತಾ ಬಗ್ಗಿದೆ. ತಾತನೇ ಹತ್ತಿರ ಬಂದು, "ಅಂಗಲ್ಲ ಬುದ್ಧಿ, ಬೆಳ್ಳು ಕುಯ್ತದೆ" ಅಂತ ನನ್ನ ಕೈ ಸರಿಸಿ, ತಾನೇ ಕಿತ್ತು ಕೊಟ್ಟ. ಹೊರಡುವಾಗ ಮುದುಕಿ ಸುಟ್ಟ ಗೆಣಸು ಎಲೆಯಲ್ಲಿ ಸುತ್ತಿ ಅವನಿಗೆ ಕೊಟ್ಟಳು. ನನಗೂ ಒಂದು ಕೊಟ್ಟಳು.

ಹುಣಸೂರಿನ ಕೋರ್ಟಿನಲ್ಲಿ ತಾತ ಎಲ್ಲ ಒಪ್ಪಿಕೊಂಡ. ಹಿಡಿದವನು ನಾನು, ಆದರೆ ಅವನ ಪರವಾಗಿ ಮಂಡಿ ನೋವಿನ ಕಥೆ ಹೇಳಿದವನೂ ನಾನೇ. ಮುನ್ಸೀಫ್ ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಇಬ್ಬರನ್ನೂ ನೋಡಿ, "ಕೋರ್ಟು ಏಳುವ ತನಕ ಸಜೆ" ಅಂದರು. ಅಂದರೆ ಸಂಜೆವರೆಗೆ ಅಲ್ಲೇ ಬೆಂಚಿನ ಮೇಲೆ ಕೂತಿದ್ದರೆ ಆಯಿತು. ತಾತನನ್ನು ಕೂರಿಸಿ, ಆಸ್ಪತ್ರೆಗೆ ಓಡಿ, ಮಂಡಿಗೆ ಹಚ್ಚುವ ಎಣ್ಣೆ, ನಿದ್ದೆ ಬರುವಂತೆ ನೋವಿನ ಮಾತ್ರೆ ಬರೆಸಿ ತೆಗೆದುಕೊಂಡು ಬಂದೆ.

ನಾನು ವಾಪಸು ಬರುವಷ್ಟರಲ್ಲಿ ಅಣ್ಣತಮ್ಮಂದಿರ ನಡುವಿನ ಒಂದು ಹಲಸಿನ ಮರದ ದಾವೆ ನಡೆಯುತ್ತಿತ್ತು. ತಾತ ಬೆಂಚಿನ ತುದಿಗೆ ಸರಿದು, ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದ. ಸಂಜೆಯಾಯಿತು. ಮ್ಯಾಜಿಸ್ಟ್ರೇಟರು ಎದ್ದರು. ಎಲ್ಲರೂ ಎದ್ದರು. ತಾತ ಏಳಲಿಲ್ಲ.

"ನಡಿ ತಾತ, ಸಜೆ ಮುಗೀತು. ಅಜ್ಜಿ ಕಾಯ್ತಿರ್ತಾಳೆ, ಔಷಧಿ ಬೇರೆ ಇದೆ" ಅಂದೆ.

"ಔಷ್ದಿ ನೀ ಕೊಟ್ಬುಡು ಬುದ್ಧಿ. ನನ್ಗೆ ಇನ್ನೊಂದೀಟು ಸಜೆ ಆಕುಸ್ಬುಡು."

"ಯಾಕೆ?"

"ಆ ತಮ್ಮ ಈಗ್ತಾನೆ ನಿಜ ಏಳಾಕೆ ಬಾಯ್ ತೆಗುದಿದ್ದ, ದೊಡ್ ಬುದ್ಧಿ ಎದ್ಬುಟ್ರು! ಮರ ಯಾರ್ಗೆ ಅಂತ ತಿಳ್ಕಳ್ದೆ ಓದ್ರೆ ಮುದ್ಕಿ ಬುಡ್ತಾಳಾ?"

ಒಳಬಾಗಿಲ ಹತ್ತಿರ ಹೋಗಿದ್ದ ಮ್ಯಾಜಿಸ್ಟ್ರೇಟರು ನಿಂತು ತಿರುಗಿದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಆ ದಾವೆ ಹನ್ನೊಂದು ವರ್ಷದಿಂದ ನಡೀತಿದೆ ಯಜಮಾನ್ರೇ. ಅಷ್ಟು ದೊಡ್ಡ ಸಜೆ ಕೊಡೋ ಅಧಿಕಾರ ನನಗಿಲ್ಲ."