ಕಾಲಿನಲ್ಲಿ ನಾಡಿ ಹುಡುಕುತ್ತಿದ್ದ ದಿನಗಳು

ಕಾಲು ಉಳಿಯುತ್ತೋ ಇಲ್ಲವೋ ಅಂತ ಹೆದರಿ ಮಲಗಿರುವವರ ವಾರ್ಡಿನಲ್ಲಿ ನಗುವಂಥದ್ದು ಏನಿರುತ್ತೆ ಅಂತ ಮನೆಯಲ್ಲಿ ಕೇಳುತ್ತಿದ್ದರು. ಆದರೆ ನಾನು ನರ್ಸಾಗಿದ್ದಷ್ಟು ದಿನವೂ ಅಲ್ಲಿ ಏನಾದರೊಂದು ನಡೆಯುತ್ತಲೇ ಇತ್ತು. ಎಂಬತ್ತರ ದಶಕದ ಮಾತು. ಬೆಳಿಗ್ಗೆ ಹಸುವಿನ ಹಾಲು ಕರೆದಿಟ್ಟು, ಬಂಗಾರಪೇಟೆಯಲ್ಲಿ ರೈಲು ಹತ್ತಿ, ಚಿನ್ನದ ಗಣಿಗಳ ಊರಿಗಾಂನಲ್ಲಿ ಇಳಿದು ಗಣಿಯವರ ಆಸ್ಪತ್ರೆಗೆ ಓಡುತ್ತಿದ್ದೆ.

ನಮ್ಮ ಸರ್ಜನ್‌ಗೆ ಆಗ ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಕಾಲಿನ ರಕ್ತನಾಳ ಕಟ್ಟಿಕೊಂಡಿದೆಯೇ ಅಂತ ತಿಳಿಯಲು ಅವರ ಬಳಿ ಇದ್ದ ಯಂತ್ರ ಮೂರು ಬೆರಳು, ಅಷ್ಟೇ. ಪಾದದ ಮೇಲೆ ಬೆರಳಿಟ್ಟು, ಕಣ್ಣು ಮುಚ್ಚಿ ನಾಡಿ ಹುಡುಕುತ್ತಿದ್ದರು. ಸಿಕ್ಕಿದರೆ ಅಲ್ಲಿ ಪೆನ್ನಿನಲ್ಲಿ ಒಂದು ಚುಕ್ಕೆ. ಆ ಚುಕ್ಕೆ ಇಡುವಾಗ ಅವರ ಮುಖದಲ್ಲಿ ಒಂದು ನಗು ಬರುತ್ತಿತ್ತು. ಅದನ್ನು ಇನ್ನೊಂದು ಸಲ ನೋಡಬೇಕು ಅಂತ ಈಗಲೂ ಆಸೆಯಾಗುತ್ತದೆ.

ಆಶೀರ್ವಾದ

ಬಂಗಾರಪೇಟೆ ಕಡೆಯ ಹಳ್ಳಿಯಿಂದ ಒಬ್ಬ ಅಜ್ಜಿ ಬಂದಿದ್ದಳು. ಸಕ್ಕರೆ ಕಾಯಿಲೆ, ಕಿರುಬೆರಳು ಕಪ್ಪಾಗಿತ್ತು. ಕಿವಿ ಸ್ವಲ್ಪ ಮಂದ. ಡಾಕ್ಟರು ಬಗ್ಗಿ ಅವಳ ಪಾದದ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿದರು. ಅಜ್ಜಿ ಗಾಬರಿಯಾಗಿ ಅವರ ತಲೆಯ ಮೇಲೆ ಕೈ ಇಟ್ಟಳು.

“ಏಳಪ್ಪಾ, ಏಳು. ನೂರು ವರ್ಸ ಬಾಳು.”

“ಅಜ್ಜಿ, ನಾಡಿ ನೋಡ್ತಾ ಇದೀನಿ.”

ಅಜ್ಜಿಗೆ ಕೇಳಿಸಲಿಲ್ಲ. ಡಾಕ್ಟರು ಇನ್ನೊಂದು ಪಾದ ಹಿಡಿದರು. ಅಜ್ಜಿ ಮತ್ತೆ ತಲೆ ಮುಟ್ಟಿದಳು. “ಆಯ್ತು ಬುಡಪ್ಪಾ, ಗಂಡು ಮಗ ಉಟ್ಲಿ.”

ಸಾಲಿನಲ್ಲಿ ಕೂತಿದ್ದವರೆಲ್ಲ ನಕ್ಕರು. ಡಾಕ್ಟರ ಮುಖ ಕೆಂಪಾಯಿತು. ನಾನೇ ಅಜ್ಜಿಯ ಕಿವಿಯ ಹತ್ತಿರ ಹೋಗಿ, “ಅಜ್ಜಿ, ಇವರಿಗಿನ್ನೂ ಮದುವೇನೇ ಆಗಿಲ್ಲ!” ಅಂತ ಕೂಗಿ ಹೇಳಿದೆ.

ಅಜ್ಜಿ ಅವರನ್ನೇ ಮರುಕದಿಂದ ನೋಡಿದಳು. “ಅದಕ್ಕೇನಾ ಮಗಾ, ಕಂಡ್ ಕಂಡೋರ ಕಾಲಿಗೆಲ್ಲ ಬೀಳ್ತಾ ಇದೀಯಾ? ಎಣ್ಣು ನಾನು ನೋಡ್ತೀನಿ ಬುಡು.”

ಪೈಪ್ ಲೈನು

ಮಾರಿಕುಪ್ಪಂನ ಒಬ್ಬ ಫಿಟ್ಟರ್ ಇದ್ದ. ಗಣಿಯೊಳಗಿನ ನೀರೆತ್ತುವ ಪಂಪುಗಳ ಪೈಪು ಕೂಡಿಸುವುದು ಅವನ ಕೆಲಸ. ಹೆಂಡತಿ ತೀರಿಕೊಂಡು ನಾಲ್ಕೈದು ವರ್ಷವಾಗಿತ್ತು. ನೂರು ಹೆಜ್ಜೆ ನಡೆಯುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡು ನಿಂತುಬಿಡುತ್ತಿದ್ದ. ಪಾದದಲ್ಲಿ ಡಾಕ್ಟರಿಗೆ ಚುಕ್ಕೆ ಇಡಲು ಜಾಗ ಸಿಗಲಿಲ್ಲ.

“ಬೀಡಿ ಸೇದಿ ಸೇದಿ ನಾಳದ ಒಳಗೋಡೆ ಕೆಟ್ಟಿದೆ. ಕಟ್ಟಿಕೊಂಡಿದೆ. ಹೀಗೇ ಬಿಟ್ಟರೆ ಕಾಲು ಹೋಗುತ್ತೆ,” ಅಂದರು.

ಫಿಟ್ಟರ್ ಅಳಲಿಲ್ಲ, ಬೇಡಲಿಲ್ಲ. ಮೀನಖಂಡದಿಂದ ಪಾದದವರೆಗೆ ಒಂದು ಬೆರಳು ಎಳೆದು, “ನಾವಾದ್ರೆ ಕಟ್ಟಿರೋ ಪೀಸು ಅಂಗೇ ಬುಟ್ಟು, ಪಕ್ಕದಾಗೆ ಇನ್ನೊಂದು ಲೈನು ಎಳೀತೀವಿ ಸಾರ್,” ಅಂದ.

ಡಾಕ್ಟರು ಪೆನ್ನು ಕೆಳಗಿಟ್ಟರು. “ಅದನ್ನೇ ಬೈಪಾಸ್ ಅನ್ನೋದು. ಬೆಂಗಳೂರಲ್ಲಿ ಮಾಡ್ತಾರೆ.”

“ಪೈಪು ಎಲ್ಲಿಂದ ತತ್ತಾರೆ?”

“ನಿನ್ನ ಕಾಲಿಂದಲೇ. ಚರ್ಮದ ಕೆಳಗಿನ ಒಂದು ರಕ್ತನಾಳ ತೆಗೆದು ಕೂಡಿಸ್ತಾರೆ.”

“ಜಾಯಿಂಟು?”

“ದಾರದಲ್ಲಿ ಹೊಲಿಗೆ.”

“ಲೀಕ್ ಆಗಾಕಿಲ್ವಾ?”

“ಮೊದಲು ಒಂದೆರಡು ತೊಟ್ಟು. ಒತ್ತಿ ಹಿಡಿದರೆ ನಿಲ್ಲುತ್ತೆ.”

ಫಿಟ್ಟರ್ ಡಾಕ್ಟರನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಜೇಬಿನ ಬೀಡಿ ಕಟ್ಟು ತೆಗೆದು ನನ್ನ ಕೈಗೆ ಕೊಟ್ಟ. ಆಮೇಲೆ ತುಂಬ ಗೌರವದಿಂದ ಕೇಳಿದ:

“ಸಾರ್, ತಾವು ಯಾವ ಗ್ರೇಡ್ ಫಿಟ್ಟರು?”

ಒಂಟಿ ಕಾಲಿನ ಜ್ವರ

ಇನ್ನೊಬ್ಬ ಗಣಿ ಕೆಲಸಗಾರನಿಗೆ ಎರಡು ಕಾಲೂ ಮಂಜಿನ ಹಾಗೆ ತಣ್ಣಗಿದ್ದವು. ಎಡಗಾಲ ಬೆರಳಲ್ಲಿ ಮಾಯದ ಹುಣ್ಣು, ನೋವಿಗೆ ಮಂಚದಿಂದ ಕಾಲು ಇಳಿಬಿಟ್ಟುಕೊಂಡೇ ಇರುತ್ತಿದ್ದ. ಆ ಕಾಲದಲ್ಲಿ ಇಂಥವರಿಗೆ ಸೊಂಟದ ಪಕ್ಕದಲ್ಲಿ, ಕಾಲಿನ ರಕ್ತನಾಳಗಳನ್ನು ಬಿಗಿಹಿಡಿಯುವ ಒಂದು ನರ ಕತ್ತರಿಸುತ್ತಿದ್ದರು. ಸಣ್ಣ ರಕ್ತನಾಳಗಳು ಸಡಿಲಗೊಂಡು ಆ ಕಡೆಯ ಪಾದ ಬೆಚ್ಚಗಾಗುತ್ತಿತ್ತು. ಅವನಿಗೂ ಮಾಡಿದರು.

ಮಾರನೇ ದಿನ ನಾನು ಡ್ಯೂಟಿಗೆ ಬಂದರೆ ಅವನ ಹೆಂಡತಿ ಎಡಪಾದಕ್ಕೆ ಒದ್ದೆ ಬಟ್ಟೆ ಸುತ್ತುತ್ತಿದ್ದಾಳೆ. ಹೆಬ್ಬೆರಳ ಸಂದಿಯಲ್ಲಿ ನಮ್ಮ ಥರ್ಮಾಮೀಟರು!

“ಇದೇನಮ್ಮ?”

“ಜ್ವರ ಬಂದದೆ ಸಿಸ್ಟರ್. ಈ ಕಾಲಿಗೆ ಮಾತ್ರ,” ಅಂತ ಕಣ್ಣೊರೆಸಿಕೊಂಡಳು.

ಜ್ವರವಲ್ಲ, ರಕ್ತ ಬರುತ್ತಿದೆ, ಆಪರೇಷನ್ ಮಾಡಿದ್ದೇ ಇದಕ್ಕೆ ಅಂತ ಡಾಕ್ಟರು ಬಿಡಿಸಿ ಹೇಳಿದರು. ಅವಳು ಬಟ್ಟೆ ಬಿಚ್ಚಿ ಎರಡು ಕೈಯಲ್ಲೂ ಆ ಪಾದ ಹಿಡಿದುಕೊಂಡು ಕೂತಳು. “ಮದುವೆಯಾದಾಗ ಇಂಗೇ ಬೆಚ್ಚಗಿದ್ದೋ ಇವರ ಕಾಲು,” ಅಂದಳು. ಅವನು ಗೋಡೆ ಕಡೆ ಮುಖ ತಿರುಗಿಸಿದ. ಅಷ್ಟರಲ್ಲಿ ಅವಳೇ ತಲೆಯೆತ್ತಿ,

“ಸಾರ್, ಮುಂದಿನ ತಿಂಗಳು ಚಳಿ ಸುರುವಾಗ್ತದೆ. ಇನ್ನೊಂದು ಕಾಲಿಗೂ ಜ್ವರ ಬರಿಸಿಬುಡಿ,” ಅಂದಳು.

ನಿಲ್ಲುವ ಜಾಗ

ಫಿಟ್ಟರ್‌ಗೆ ಬೈಪಾಸ್ ಬೇಕಾಗಲಿಲ್ಲ. ಡಾಕ್ಟರು ಅವನಿಗೆ ಹೇಳಿದ್ದು ಎರಡೇ: ಬೀಡಿ ಮುಟ್ಟಬೇಡ, ದಿನಾ ನಡಿ. ನೋವು ಬಂದಾಗ ನಿಲ್ಲು, ಹೋದ ಮೇಲೆ ಮತ್ತೆ ನಡಿ. ದೊಡ್ಡ ನಾಳ ಮುಚ್ಚಿದ್ದರೂ ಪಕ್ಕದ ಸಣ್ಣ ನಾಳಗಳು ನಡೆದಷ್ಟೂ ಅಗಲವಾಗಿ ರಕ್ತ ಒಯ್ಯುತ್ತವೆ.

ಗಣಿ ಕೆಲಸಗಾರರ ಸಾಲುಮನೆಗಳಿಗೆ ಅಲ್ಲಿ ಲೈನು ಅನ್ನುತ್ತಿದ್ದರು. ಅವನ ಮನೆಯಿಂದ ನೂರನೇ ಹೆಜ್ಜೆ ಬೀಳುತ್ತಿದ್ದುದು ಅದೇ ಲೈನಿನ ಒಬ್ಬ ವಿಧವೆಯ ಮನೆಯ ಮುಂದೆ. ಅವನು ಅಲ್ಲೇ ಬಂದು ನಿಲ್ಲುವುದನ್ನು ಮೂರು ದಿನ ನೋಡಿ ನಾಲ್ಕನೇ ದಿನ ಆಕೆ ಬಾಗಿಲಿಗೆ ಬಂದಳಂತೆ.

“ಏನಯ್ಯಾ, ದಿನಾ ನಮ್ಮನೆ ಮುಂದೇನೇ ಏನು ವೇಲೆ ನಿನಗೆ?” ಅಂತ ತಮಿಳು ಬೆರೆಸಿ ಗದರಿದಳು.

“ಕೆಲಸ ಏನೂ ಇಲ್ಲ ತಾಯೀ. ಕಾಲು ಇಡ್ಕೊಂತದೆ,” ಅಂದ.

ಮರುದಿನ ಅಲ್ಲೊಂದು ಸ್ಟೂಲು ಇತ್ತು. ಅದರ ಮರುವಾರ ಕಾಫಿ. ಆಮೇಲೆ ಅವನು ತೀರಿಕೊಂಡ ಹೆಂಡತಿಯ ಬಗ್ಗೆ, ಆಕೆ ತೀರಿಕೊಂಡ ಗಂಡನ ಬಗ್ಗೆ ಮಾತಾಡತೊಡಗಿದರು.

ಮೂರು ತಿಂಗಳ ನಂತರ ಫಿಟ್ಟರ್ ಜೋತುಬಿದ್ದ ಮುಖ ಹೊತ್ತು ಆಸ್ಪತ್ರೆಗೆ ಬಂದ. ಡಾಕ್ಟರು ಗಾಬರಿಯಿಂದ, “ನೋವು ಜಾಸ್ತಿಯಾಯ್ತಾ?” ಅಂದರು.

“ಇಲ್ಲ ಸಾರ್. ಸ್ಟೇಸನ್‌ಗಂಟ ನಿಲ್ದಂಗೆ ಓಗ್ತೀನಿ.”

“ಮತ್ತೆ? ಸಂತೋಷ ತಾನೆ?”

“ಏನು ಸಂತೋಸ ಸಾರ್? ನಿನ್ನೆ ಆಯಮ್ಮ ಕೇಳ್ಬುಟ್ಟಳು, ಕಾಲು ವಾಸಿಯಾದ ಮ್ಯಾಲೂ ಯಾಕ್ ನಿಂತ್ಕೊಂತೀಯಾ, ಲೈನಿನೋರು ಏನಂತಾರೆ ಅಂತ. ಇವತ್ತು ಅಂಗೇ ಮುಂದಕ್ಕೋದೆ. ಬಾಗಿಲಾಗೆ ನಿಂತು ನೋಡ್ತಾನೇ ಇದ್ದಳು. ಸಾರ್, ವಸಿ ನೋವು ವಾಪಸ್ ಬರಾಂಗೆ ಏನಾರ ಮಾತ್ರೆ ಐತಾ?”

ನಾನು ನಗು ತಡೆಯಲು ಬ್ಯಾಂಡೇಜ್ ಡಬ್ಬಿಯೊಳಗೆ ಮುಖ ಹಾಕಿದೆ. ಡಾಕ್ಟರು ಮಾತ್ರ ನಗಲಿಲ್ಲ. ಚೀಟಿ ಎಳೆದುಕೊಂಡು, ಲೈನಿನವರೆಲ್ಲ ಓದಲಿ ಅಂತ ಕನ್ನಡದಲ್ಲೂ ತಮಿಳಲ್ಲೂ ಬರೆಸಿ, ಸಹಿ ಹಾಕಿ, ಆಸ್ಪತ್ರೆಯ ಮೊಹರು ಒತ್ತಿ ಕೊಟ್ಟರು:

“ನಡಿಗೆ, ದಿನಕ್ಕೆ ಎರಡು ಸಲ. ನೋವಿರಲಿ, ಇಲ್ಲದಿರಲಿ, ನೂರನೇ ಹೆಜ್ಜೆಗೆ ಕಡ್ಡಾಯವಾಗಿ ಕೂರತಕ್ಕದ್ದು. ಅವಧಿ: ಜೀವನಪರ್ಯಂತ.”