ಚಿಕ್ಕಜ್ಜಿಯ ಸಾವಿಗೆ ನನ್ನ ದನಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಕೊಚ್ಚಿಯ ನನ್ನ ಬಾಡಿಗೆ ಕೋಣೆಯಲ್ಲಿ, ತಲೆ ತುಂಬ ಕಂಬಳಿ ಹೊದ್ದು, ಫೋನಿನ ಮುಂದೆ ಕೆಮ್ಮಿ ಕೆಮ್ಮಿ ನನ್ನ ಚಿಕ್ಕಜ್ಜಿಯನ್ನು ಸಾಯಿಸಿದವನು ನಾನೇ. ಚಿಕ್ಕಜ್ಜಿ ಗಟ್ಟಿಮುಟ್ಟಾಗಿದ್ದಾಳೆ, ಗಾಬರಿ ಬೇಡ. ಇನ್ನೊಬ್ಬರ ದನಿ ಕದಿಯುವ ಚಟ ನನಗೆ ಶಾಲೆಯಿಂದಲೂ ಇದೆ. ವಿಲ್ಲಿಂಗ್ಡನ್ ಐಲ್ಯಾಂಡಿನ ನಮ್ಮ ಕಚೇರಿಯಲ್ಲಿ ಸಾಹೇಬರ ಗಂಟಲಲ್ಲಿ ನಾನು ಕೂಗಿದರೆ ಮೂರು ಜನ ಎದ್ದು ನಿಲ್ಲುತ್ತಾರೆ. ಒಮ್ಮೆ ಸಾಹೇಬರೇ ಎದ್ದು ನಿಂತರು. ನನ್ನ ಸ್ವಂತ ದನಿ ಯಾವುದು ಎಂದು ಯಾರಾದರೂ ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕಾಗುತ್ತದೆ.

ಇಂಥವನ ಕೈಗೆ ಹಳೆಯ ರೇಡಿಯೊ ನಾಟಕಗಳು ಸಿಕ್ಕಿದ್ದು ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು. ಯಾರೋ ಪುಣ್ಯಾತ್ಮರು ತಮ್ಮ ಮನೆಯ ಕ್ಯಾಸೆಟ್ಟುಗಳನ್ನೆಲ್ಲ ಅಂತರ್ಜಾಲಕ್ಕೆ ಏರಿಸಿದ್ದಾರೆ. ವೈಟ್ಟಿಲದಲ್ಲಿ ಬಸ್ಸಿಗೆ ಕಾಯುವಾಗ ಒಂದನ್ನು ಡೌನ್‌ಲೋಡ್ ಮಾಡಿಕೊಂಡರೆ, ಕಚೇರಿ ಮುಟ್ಟುವಷ್ಟರಲ್ಲಿ ಒಂದು ಸಂಸಾರ ಒಡೆದು ಮತ್ತೆ ಕೂಡಿರುತ್ತದೆ. ಆ ನಾಟಕಗಳಲ್ಲಿ ಯಾರೂ ಸುಮ್ಮನೆ ಬರುವುದಿಲ್ಲ. "ಓಹೋ, ಒದ್ದೆ ಕೊಡೆ ಹಿಡಿದು ಒಳಗೆ ಬರುತ್ತಿರುವವರು ನಮ್ಮ ರಾಯರಲ್ಲವೇ" ಎಂದು ಇನ್ನೊಬ್ಬರು ಸಾರಲೇಬೇಕು. ಮಳೆಯೆಂದರೆ ಮೊರದಲ್ಲಿ ಉರುಳುವ ಕಡಲೆ, ಕುದುರೆಯೆಂದರೆ ತೆಂಗಿನ ಚಿಪ್ಪು. ನಾನು ಒಬ್ಬನೇ ನಗುತ್ತಿದ್ದರೆ ಕಂಡಕ್ಟರ್ "ಎಂದಾ ಮೋನೇ?" ಅಂದರೆ ಏನಪ್ಪಾ ಮಗನೇ ಎಂದು ವಿಚಾರಿಸಿ, ಉತ್ತರಕ್ಕೆ ಕಾಯದೆ ಮುಂದಿನ ಸೀಟಿಗೆ ಸರಿಯುತ್ತಾರೆ.

ಹೀಗೇ ಒಂದು ಬೆಳಿಗ್ಗೆ ಪಾತ್ರವರ್ಗ ಓದುವ ಗಂಭೀರ ದನಿ "ಅತ್ತೆಯಾಗಿ ಶ್ರೀಮತಿ ವಿಶಾಲಾಕ್ಷಿ" ಅಂದಿತು. ವಿಶಾಲಾಕ್ಷಿ ಎಂದರೆ ನಮ್ಮಜ್ಜಿಯ ಕೊನೆಯ ತಂಗಿ. ಈಗ ಎಪ್ಪತ್ತು ದಾಟಿ, ತಿರುವನಂತಪುರದಲ್ಲಿ ಬ್ಯಾಂಕಿನ ಕೆಲಸದಲ್ಲಿರುವ ಮಗಳು ಪದ್ಮಾ ಚಿಕ್ಕಮ್ಮನ ಮನೆಯಲ್ಲಿದ್ದಾಳೆ. ಕೂಡಲೇ ಫೋನು ಹಚ್ಚಿದೆ. ನಾಟಕದ ಹೆಸರು ಹೇಳಿದೆ.

"ಅದರಲ್ಲಿ ಕೊನೆಗೆ ನಾನು ಸಾಯ್ತೀನಿ ಕಣೋ," ಅಂದಳು ಚಿಕ್ಕಜ್ಜಿ. "ಮಂಡ್ಯದ ಒಬ್ಬ ಅತ್ತೆ, ಸೊಸೆಗೆ ಬೀಗದ ಕೈ ಕೊಟ್ಟು ಸಾಯೋದು. ಪ್ರಸಾರದ ದಿನ ಮನೆಮಂದಿಯೆಲ್ಲ ರೇಡಿಯೊ ಮುಂದೆ ಕೂತಿದ್ವಿ. ಸರಿಯಾಗಿ ನಾನು ಸಾಯೋ ಹೊತ್ತಿಗೆ ಮಾವನೋರು ಎದ್ದು ಆರಿಸಿಬಿಟ್ರು. ಹೊಸ ಸೊಸೆ ಮನೇಲಿ ಸಾಯಬಾರದಂತೆ, ಅಪಶಕುನ. ಸತ್ತೋಳು ನಾನೇ, ಹೆಂಗೆ ಸತ್ತೆ ಅಂತ ಇವತ್ತಿಗೂ ಕೇಳಿಲ್ಲ. ಮೊಮ್ಮಗಳು ದಿಯಾ ಅಂತೂ ನಾನು ರೇಡಿಯೊದಲ್ಲಿದ್ದೆ ಅಂದ್ರೇ ನಗ್ತಾಳೆ."

"ಭಾನುವಾರ ತಂದು ಕೇಳಿಸ್ತೀನಿ ಚಿಕ್ಕಜ್ಜಿ, ಸೀರೆ ಉಟ್ಟು ರೆಡಿಯಾಗಿರು," ಎಂದು ಮಾತು ಕೊಟ್ಟೆ. ಕೊಟ್ಟ ಮೇಲೆ ನಾಟಕವನ್ನು ಕೊನೆಯವರೆಗೆ ಕೇಳಿದೆ. ಅತ್ತೆ ನರಳಿದಳು, ಉಸಿರೆಳೆದಳು, "ಮಗಳೇ, ಈ ಬೀಗದ ಕೈ" ಅಂದಳು. ಆಮೇಲೆ "ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು!" ಆ ಪುಣ್ಯಾತ್ಮರ ಮನೆಯ ಮಗು ಅದೇ ಕ್ಯಾಸೆಟ್ಟಿನ ಮೇಲೆ ಮಗ್ಗಿ ತುಂಬಿತ್ತು. ಹತ್ತರ ಮಗ್ಗಿಯವರೆಗೂ ಕಾದೆ. ಅತ್ತೆ ವಾಪಸು ಬರಲಿಲ್ಲ.

ಬೇರೆಯವರಾಗಿದ್ದರೆ ಫೋನು ಮಾಡಿ ನಿಜ ಹೇಳುತ್ತಿದ್ದರು. ನಾನು ಕಂಬಳಿ ಹುಡುಕಿದೆ. ಬೀಗದ ಕೈಗೆ ನನ್ನ ರೂಮಿನದೇ ಗೊಂಚಲು, ಹಳೆಯ ಟೇಪಿನ ಸರಸರಕ್ಕೆ ನೇಂದ್ರ ಚಿಪ್ಸಿನ ಪೊಟ್ಟಣ. ಮಾತುಗಳನ್ನು ನಾನೇ ಹೊಸೆದೆ. ಇಷ್ಟು ವರ್ಷದ ಮೇಲೆ ಯಾರಿಗೆ ನೆನಪಿರುತ್ತದೆ ಎಂಬ ಧೈರ್ಯ. ಮಗ್ಗಿ ಕತ್ತರಿಸಿ ನನ್ನ ಸಾವನ್ನು ಅಂಟಿಸಿದೆ. ಕೇಳಿದಾಗ ನನ್ನ ಕಣ್ಣಲ್ಲೇ ನೀರು ಬಂತು.

ಭಾನುವಾರ ಚಿಕ್ಕಜ್ಜಿ ರೇಷ್ಮೆ ಸೀರೆಯಲ್ಲಿ ಸೋಫಾದ ತುದಿಗೆ ಕೂತಿದ್ದಳು. ಪಕ್ಕದಲ್ಲಿ ಪದ್ಮಾ ಚಿಕ್ಕಮ್ಮ. ನೆಲದ ಮೇಲೆ ಅವಳ ಮಗಳು ದಿಯಾ, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲಿ ಉತ್ತರಿಸುವವಳು. ನಾಟಕ ಹಚ್ಚಿದೆ. ಪಾತ್ರವರ್ಗದಲ್ಲಿ ಅಜ್ಜಿಯ ಹೆಸರು ಕೇಳಿದ ಕೂಡಲೇ ಅವಳ ನಗು ನಿಂತು, ಅಜ್ಜಿಯ ಮೊಣಕಾಲಿಗೆ ಒರಗಿಕೊಂಡಳು. ಎಲ್ಲ ಚೆನ್ನಾಗಿಯೇ ನಡೆಯಿತು. ಬೀಗದ ಕೈ ಬಂತು, ನನ್ನ ಕೆಮ್ಮು ಬಂತು, "ಇನ್ನು ಈ ಮನೆ ನಿಂದು, ಅಲ್ಲೇ?" ಎಂದು ಅತ್ತೆ ಪ್ರಾಣ ಬಿಟ್ಟಳು.

ದಿಯಾ ಕಿಸಕ್ಕನೆ ನಕ್ಕಳು. "ಅಮ್ಮೂಮ್ಮಾ ಮಲಯಾಳಂ ಪರಞ್ಞು!" ಅಜ್ಜಿ ಮಲಯಾಳ ಮಾತಾಡಿದಳಂತೆ.

ನಮ್ಮ "ಅಲ್ವಾ" ಮಲಯಾಳದಲ್ಲಿ "ಅಲ್ಲೇ". ಮೂರು ವರ್ಷದಿಂದ ಕೊಚ್ಚಿಯವರ ದನಿಗಳನ್ನು ಕದ್ದೂ ಕದ್ದೂ, ಅವರ ಮಾತೂ ನಾಲಿಗೆಗೆ ಅಂಟಿಕೊಂಡಿದ್ದು ನನಗೇ ತಿಳಿದಿರಲಿಲ್ಲ.

"ಹಳೇ ಟೇಪು ಚಿಕ್ಕಜ್ಜಿ, ಒಂದೊಂದ್ಸಲ ಹಂಗೆ ಕೇಳ್ಸತ್ತೆ," ಅಂದೆ.

"ಮಂಡ್ಯದ ಅತ್ತೆ ಸಾಯೋ ಹೊತ್ತಲ್ಲಿ ಮಲಯಾಳ ಯಾವಾಗ ಕಲಿತಳೋ?" ಅಂದಳು ಚಿಕ್ಕಜ್ಜಿ.

ಕಂಬಳಿ, ಪೊಟ್ಟಣ, ಮಗ್ಗಿ ಎಲ್ಲವನ್ನೂ ಒಪ್ಪಿಕೊಂಡೆ. ಚಿಕ್ಕಜ್ಜಿ ಸೆರಗಿನ ಅಂಚು ನೇವರಿಸುತ್ತ ಕೂತಳು. ಆ ರೇಡಿಯೊವನ್ನು ಎರಡನೆಯ ಸಲ ಆರಿಸಿದವನು ನಾನೇ ಅನ್ನಿಸಿತು. ಅಷ್ಟರಲ್ಲಿ ಅವಳು ಒಮ್ಮೆ ಕೆಮ್ಮಿದಳು. ಇನ್ನೊಮ್ಮೆ, ಸ್ವಲ್ಪ ಬೇರೆ ಥರ. ದಿಯಾ ತಲೆಯೆತ್ತಿ ನೋಡಿದಳು.

"ಇಪ್ಪತ್ತೆರಡು ವರ್ಷಕ್ಕೆ ಮುದುಕಿ ದನಿ ತೆಗೆಯೋಕೆ ಒದ್ದಾಡಿದ್ದೆ, ಈಗ ತಾನಾಗೇ ಬರತ್ತೆ," ಅಂದಳು ಚಿಕ್ಕಜ್ಜಿ. "ಮಾತೆಲ್ಲ ಬಾಯಲ್ಲೇ ಇದೆ. ಫೋನು ಇಲ್ಲಿ ಹಿಡಿ, ದಿಯಾ ಬೀಗದ ಕೈ ಅಲ್ಲಾಡಿಸ್ಲಿ, ನೀನು ಬಾಯಿ ಮುಚ್ಕೊಂಡಿರು. ನನ್ನ ಸಾವು ನಾನೇ ಸಾಯ್ತೀನಿ."