ಮಾಮಾನ ಸಣ್ಣ ಇಂಜಿನ್

ಖಾನಾಪುರದಿಂದ ಬೆಳಗಾವಿಗೆ ಹೋಗುವ ರಸ್ತೆಯಲ್ಲಿ ಎತ್ತಿನ ಗಾಡಿಗೆ ಸೈಡ್ ಕೊಟ್ಟ ಏಕೈಕ ಪಿಕಪ್ ನಮ್ಮ ಸೋದರಮಾವನದು. ಸುಳ್ಳಲ್ಲ, ನಾನು ಅದರೊಳಗೇ ಕುಳಿತಿದ್ದೆ! ಎರಡು ಸಾವಿರದ ಇಸವಿ ಬಂತೆಂದು ಜಗತ್ತೆಲ್ಲ ಓಡುತ್ತಿದ್ದ ಕಾಲವದು. ಗಾಡಿಯವನು ಮುಂದೆ ಹೋಗಿ, ಹೊರಳಿ ನೋಡಿ ನಕ್ಕ. ನನಗೆ ತಲೆ ಎತ್ತಲಾಗಲಿಲ್ಲ. ಮಾಮಾ ಮಾತ್ರ ಅವನಿಗೆ ಕೈ ಬೀಸಿದ.

ಮಾಮಾ ಖಾನಾಪುರದ ಹಂಚುಗಳನ್ನು ಬೆಳಗಾವಿಗೆ ಸಾಗಿಸುತ್ತಿದ್ದ. ಗಾಡಿಯಲ್ಲಿ ಮೊದಲು ಒಳ್ಳೆಯ ದೊಡ್ಡ ಇಂಜಿನ್ನೇ ಇತ್ತು. ಅದನ್ನು ಬೆಳಗಾವಿಯ ಆಟೋ ನಗರದ ಗ್ಯಾರೇಜಿನಲ್ಲಿ ಬಿಚ್ಚಿಸಿ ಸಣ್ಣ ಡೀಸೆಲ್ ಇಂಜಿನ್ ಕೂಡಿಸಿಕೊಂಡು ಬಂದ ಮಹಾನುಭಾವ ಇವನು. ಯಾಕೆ ಎಂದು ಕೇಳಿದಿರೋ, ಕೆಟ್ಟಿರಿ!

"ಹೋಗುಮುಂದ ಲೋಡ್, ಬರುಮುಂದ ಖಾಲಿ. ಖಾಲಿ ಗಾಡಿ ಎಳ್ಯಾಕ ಆನಿ ಯಾಕ ಸಾಕಬೇಕು? ಲೋಡ್ ನೋಡಿ ಇಂಜಿನ್ ಹಾಕಬೇಕೋ ತಮ್ಮಾ!"

ಟಿಳಕವಾಡಿಯ ಒಂದು ಮದುವೆಯಲ್ಲಿ ಈ ಭಾಷಣ ಬೀಗರಿಗೂ ಆಯಿತು. ಎಲ್ಲರೂ ಅಕ್ಷತೆ ಹಾಕಿ ಊಟಕ್ಕೆ ಎದ್ದರೂ ಮಾಮಾ ಇನ್ನೂ ಗೇರ್‌ಬಾಕ್ಸಿನಲ್ಲೇ ಇದ್ದ. ಪಾಪ, ಬೀಗರು ಅಕ್ಷತೆಯನ್ನು ಕೈಯಲ್ಲೇ ಹಿಡಿದು ನಿಂತಿದ್ದರು.

ಇನ್ನು ಏರು ಬಂದರೆ, "ಇಳೀರಿ, ಇಳೀರಿ, ನಡದ್ರ ಕಾಲಿಗಿ ಚಲೋ" ಎಂದು ಎಲ್ಲರನ್ನೂ ಇಳಿಸುತ್ತಿದ್ದ. ನಾವು ನಡೆದು ಮೇಲೆ ಹೋಗಿ ಗಾಡಿಗಾಗಿ ಕಾಯುತ್ತಿದ್ದೆವು!

ನಗುವವರು ನಗಲಿ, ನನಗೆ ಮೈ ಉರಿಯುತ್ತಿತ್ತು. ಕಾರಣ, ನಮ್ಮ ಅವ್ವ. ಅವಳಿಗೆ ದಮ್ಮು. ಉಸಿರು ಸಿಕ್ಕಿಕೊಂಡರೆ ಬೆಳಗಾವಿಯ ದವಾಖಾನೆಗೇ ಓಡಬೇಕು, ನಮ್ಮ ಓಣಿಯಲ್ಲಿದ್ದ ಗಾಡಿ ಇದೊಂದೇ.

"ಅವ್ವನ ಸಲುವಾಗಿಯಾದ್ರೂ ದೊಡ್ಡ ಇಂಜಿನ್ ಹಾಕಸು ಮಾಮಾ."

"ನಮ್ಮಕ್ಕ ಎಷ್ಟ್ ತೂಗ್ತಾಳೋ? ಮೂವತ್ತೆಂಟ್ ಕಿಲೋ! ಆಕಿ ಏನ್ ಲೋಡಾ?"

ಇಂಥವನ ಜೊತೆ ಏನು ವಾದ ಮಾಡುತ್ತೀರಿ?

ಒಂದು ಮಳೆಗಾಲದ ಮಧ್ಯಾಹ್ನ ಅವ್ವನಿಗೆ ಉಸಿರು ಸಿಕ್ಕಿಕೊಂಡೇ ಬಿಟ್ಟಿತು. ಗಾಡಿಯ ತುಂಬ ಹಂಚು. ಇಳಿಸಲು ಹೊತ್ತೆಲ್ಲಿದೆ? ಅವ್ವನನ್ನು ಮುಂದೆ ಕೂರಿಸಿಕೊಂಡು ಹೊರಟೆವು. ನಡು ಏರಿನಲ್ಲಿ ಇಂಜಿನ್ ಕೆಮ್ಮಿತು, ನಿಂತಿತು. ಒಂದು ಹಂಚಿನ ಮೂಲೆ ಮುಕ್ಕಾದರೆ ಊಟ ಬಿಡುತ್ತಿದ್ದ ಮಾಮಾ ಹಿಂದೆ ಹತ್ತಿ, ಮಳೆಯಲ್ಲಿ ನೆನೆಯುತ್ತ, ಎರಡೂ ಕೈಯಿಂದ ಹಂಚುಗಳನ್ನು ಚರಂಡಿಗೆ ಎಸೆದ. ನಾನೂ ಎಸೆದೆ. ಖಾಲಿಯಾದ ಮೇಲೆ ಗಾಡಿ ಹೇಗೋ ಏರಿತು.

ದವಾಖಾನೆಯಲ್ಲಿ ಉಸಿರು ಹಿಡಿತಕ್ಕೆ ಬಂದ ಮೇಲೆ ಅವ್ವ ಮೊದಲು ಕೇಳಿದ್ದು, "ಹಂಚ್ ಎಷ್ಟ್ ಒಡದ್ವೋ ತಮ್ಮಾ?" ಮಾಮಾ ಗೋಡೆಯ ಕಡೆ ಮುಖ ತಿರುಗಿಸಿದ.

ಮುಂದಿನ ವಾರ ನನ್ನನ್ನು ಕರೆದುಕೊಂಡು ಆಟೋ ನಗರಕ್ಕೆ ಹೋದ. ಸಣ್ಣ ಇಂಜಿನ್ ಕೂಡಿಸಿಕೊಟ್ಟಿದ್ದ ಮಿಸ್ತ್ರಿ ಬಿಡುತ್ತಾನೆಯೇ?

"ಮತ್ತ ದೊಡ್ಡ ಇಂಜಿನ್ ಏನ್ರಿ? ಸಣ್ಣದ ಬೇಕಂತ ನನ್ನ ತಲಿ ತಿಂದವ್ರು ನೀವ! ಲೋಡ್ ಹೆಚ್ಚಾತೇನ್ರಿ?"

ಭಾಷಣ ಶುರುವಾಗುತ್ತದೆಂದು ನಾನು ಕಾದೆ. ಆಗಲಿಲ್ಲ. ಮಾಮಾ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದ. ಇಷ್ಟು ವರ್ಷ ಇವನನ್ನು ಬೈದುಕೊಂಡದ್ದೆಲ್ಲ ನನಗೆ ನೆನಪಾಯಿತು.

"ಹೌದ್ರಿ," ಅಂದ ಮೆಲ್ಲಗೆ. "ಮೂವತ್ತೆಂಟ್ ಕಿಲೋ."